ಹರಿಯಲು ಒಪ್ಪಿದ ಚೀಟಿ

ಜೇನಿನ ಬಾಟಲಿಯ ಹೊಟ್ಟೆಗೆ ಅಂಟಿದ್ದ ಕ್ಯೂಆರ್ ಚೀಟಿಗೆ ತನ್ನ ಮಾತಿನ ಮೇಲೆ ಬಲು ಹೆಮ್ಮೆ. ಯಾರು ಮೊಬೈಲ್ ಹಿಡಿದರೂ, ಯಾವ ಬೆಟ್ಟದ ಜೇನು, ಯಾರು ಇಳಿಸಿದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ಜೇನು ಮುಗಿಯಿತು, ಬಾಟಲಿ ಗುಜರಿ ಸೇರಿತು. ಅದನ್ನು ಕೊಂಡ ವ್ಯಾಪಾರಿಯೊಬ್ಬ ಬೆಲ್ಲದ ಪಾಕ ತುಂಬಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟ.

"ಇದು ಜೇನಲ್ಲ!" ಎಂದು ಚೀಟಿ ಕೂಗಿತು.

"ಸುಮ್ಮನಿರಯ್ಯ," ಎಂದಿತು ಮುಚ್ಚಳ. "ನಿನ್ನ ಕೂಗು ಮೊಬೈಲಿಗೆ ಕೇಳದು. ನಿನ್ನ ಮೈಮೇಲೆ ಅಚ್ಚಾದದ್ದನ್ನಷ್ಟೇ ಅದು ಓದುತ್ತದೆ."

"ನಾನು ಒಂದು ದಿನವೂ ಸುಳ್ಳು ಹೇಳಿದವನಲ್ಲ, ಮುಚ್ಚಳಣ್ಣ."

"ಅದಕ್ಕೇ ಅವನು ನಿನ್ನನ್ನು ಇಷ್ಟು ಜೋಪಾನವಾಗಿ ಒರೆಸಿಟ್ಟಿದ್ದಾನೆ."

ಅಷ್ಟರಲ್ಲಿ ಮಗಳ ಕೆಮ್ಮಿನ ಮದ್ದಿಗೆ ಜೇನು ಬೇಕೆಂದು ಬಂದ ಹೆಂಗಸೊಬ್ಬಳು ಬಾಟಲಿ ಎತ್ತಿಕೊಂಡು ಮೊಬೈಲ್ ತೆಗೆದಳು.

"ಅಣ್ಣ, ನನ್ನ ಬಾಯಿ ಮುಚ್ಚಿಸುವ ದಾರಿಯೇ ಇಲ್ಲವೇ?"

"ಹರಿದುಕೋ. ಆಮೇಲೆ ನಿನ್ನನ್ನು ಯಾರೂ ಮಾತಾಡಿಸುವುದಿಲ್ಲ, ಯೋಚನೆ ಮಾಡು."

ಅವಳ ಬಳೆ ಚೀಟಿಯ ಅಂಚಿಗೆ ಸಿಕ್ಕಿತು. ಎಂದೂ ಜಗ್ಗದ ಚೀಟಿ ಈ ಸಲ ಹಿಡಿತ ಬಿಟ್ಟುಕೊಟ್ಟು, ನಡುವೆ ಪರ್ರನೆ ಹರಿಯಿತು. ಮೊಬೈಲಿಗೆ ಏನೂ ಓದಲಾಗಲಿಲ್ಲ.

"ಇದು ಬೇಡಪ್ಪ," ಎಂದು ಅವಳು ಬಾಟಲಿಯನ್ನು ಅಲ್ಲೇ ಇಟ್ಟು ಹೊರಟಳು.

ಹಳೇ ಬಾಟಲಿಗೆ ಬೆಲ್ಲದ ಪಾಕ ತುಂಬಿ ಜೇನೆಂದು ಮಾರುವ ಸುದ್ದಿ ಕಿವಿಯಿಂದ ಕಿವಿಗೆ ದಾಟಿ ಬೆಟ್ಟದ ಜೇನುಗಾರರನ್ನೂ ಮುಟ್ಟಿತು. ಈಗ ಅವರು ಚೀಟಿಯನ್ನು ಮುಚ್ಚಳದ ಮೇಲಿಂದ ಬಾಟಲಿಯ ಕತ್ತಿನವರೆಗೆ ಅಂಟಿಸುತ್ತಾರೆ. ಬಾಟಲಿ ತೆರೆಯಬೇಕಾದರೆ ಮೊದಲು ಚೀಟಿ ಹರಿಯಬೇಕು.