ದುರುಗ ನೂಡಲ್ಸು ತಿಂದ ರಾತ್ರಿ

ಹತ್ತಿರ ಬಂದು ಕೂತ್ಕೊಳ್ಳಿ. ನಗೋದಕ್ಕೆ ಮಾತ್ರ ಅವಸರ ಬೇಡ. ಈ ಕತೆಯಲ್ಲಿ ಒಂದು ಜೀವ ತೂಗಾಡ್ತಾ ಇತ್ತು.

ಹಾಲವ್ವನಿಗೆ ಇಬ್ಬರು ಮಕ್ಕಳು. ಮಗಳು ಕೆಂಚವ್ವ ಜಾಣೆ, ಪೇಟೆಗೆ ಕೊಟ್ಟು ಮದುವೆ ಮಾಡಿದ್ದಳು. ಮಗ ದುರುಗ. ಇಪ್ಪತ್ತೆರಡು ವರ್ಷ, ಎತ್ತಿನಂಥ ಮೈ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೋಳಿ ಓಡಿಸು ಅಂದರೆ ಪಕ್ಕದೂರಿನ ತನಕ ಓಡಿಸಿಕೊಂಡು ಹೋಗುವವನು. "ಇವನನ್ನ ಹೆತ್ತ ದಿನ ನಾನು ಏನು ತಿಂದಿದ್ನೋ!" ಅಂತ ಹಾಲವ್ವ ದಿನಕ್ಕೆ ಮೂರು ಸಲ ಹಣೆ ಚಚ್ಚಿಕೊಳ್ಳುವಳು.

ಒಂದು ರಾತ್ರಿ ಒಂಬತ್ತು ಗಂಟೆಗೆ ಅಳಿಯ ಪರಸಪ್ಪನ ಫೋನು ಬಂತು.

"ಅತ್ತೆ, ಹೆರಿಗೆ ಆತು, ಗಂಡು ಮಗು. ಆದ್ರೆ ಕೆಂಚಿಗೆ ರಕ್ತ ಹೋಗೋದು ನಿಲ್ತಿಲ್ಲ! ಅವಳ ಗುಂಪಿನ ರಕ್ತ ಇಲ್ಲಿ ಇಲ್ವಂತೆ. ದುರುಗಂದೂ ಅದೇ ಗುಂಪಲ್ವಾ? ಕರ್ಕೊಂಡು ಬನ್ನಿ, ಬೇಗ!"

ಕಡೇ ಬಸ್ಸು ಹೋಗಿತ್ತು. ಪೇಟೆ ಎಂಟು ಮೈಲಿ. ಮನೆಯಲ್ಲಿದ್ದದ್ದು ಒಂದು ಸೈಕಲ್ಲು, ಅದಕ್ಕೆ ದೀಪವೂ ಇಲ್ಲ. ಹಾಲವ್ವ ಹಿಂದೆ ಕ್ಯಾರಿಯರ್ ಮೇಲೆ ಹತ್ತಿ ಕೂತಳು.

"ತುಳಿ ಮಗನೇ, ತುಳಿ! ಎಲ್ಲೂ ನಿಲ್ಲಬೇಡ! ಯಾರು ಕೂಗಿದ್ರೂ ನಿಲ್ಲಬೇಡ!"

"ಆತು, ಅವ್ವ."

ತುಳಿದ. ಕತ್ತಲಲ್ಲಿ ಏನು ತುಳಿತ ಅಂತೀರಿ! ಊರ ಮುಂದಿನ ರಸ್ತೆ ಉಬ್ಬಿನ ಮೇಲೆ ಸೈಕಲ್ಲು ಹಾರಿತು, ಹಾಲವ್ವ ದಬಕ್ಕನೆ ಕೆಳಗೆ ಬಿದ್ದಳು.

"ನಿಲ್ಲೋ! ಲೇ ದುರುಗ, ನಿಲ್ಲೋ!"

ಯಾರು ಕೂಗಿದರೂ ನಿಲ್ಲಬೇಡ ಅಂದಿದ್ದಳಲ್ಲ, ಅವನು ತಿರುಗಿಯೂ ನೋಡಲಿಲ್ಲ. ಮುದುಕಿ ಸೀರೆ ಎತ್ತಿ ಕಟ್ಟಿಕೊಂಡು ಒಂದು ಮೈಲಿ ಓಡಿದಳು. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಅದಕ್ಕೆ ನಿಂತಿದ್ದ, ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿದ್ದನೋ.

"ಅಯ್ಯೋ ಪೆದ್ದೇ! ಅಲ್ಲಿ ನಿಮ್ಮಕ್ಕ ಸಾಯ್ತಾಳೆ, ಇಲ್ಲಿ ನನ್ನ ಸಾಯಿಸ್ತೀಯ! ಏನಾದ್ರೂ ಬಿದ್ರೆ ನಿಂತು ಎತ್ಕೋಬೇಕು ಕಣೋ!"

"ಆತು, ಅವ್ವ. ಬಿದ್ರೆ ಎತ್ಕೋತೀನಿ."

ಗೇಟು ತೆಗೆದರು. ಮತ್ತೆ ತುಳಿದ. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಓಲಾಡಿಕೊಂಡು ಹೋಗುತ್ತಿತ್ತು. ಒಂದು ಕಬ್ಬು ಜಾರಿ ಬಿತ್ತು. ದುರುಗ ನಿಂತ, ಎತ್ತಿದ, ಅವ್ವನ ತೊಡೆ ಮೇಲಿಟ್ಟ. ನೂರು ಮಾರು ಹೋಗುವಷ್ಟರಲ್ಲಿ ಇನ್ನೊಂದು. ನಿಂತ, ಎತ್ತಿದ, ಇಟ್ಟ. ಮತ್ತೊಂದು. ನಿಂತ, ಎತ್ತಿದ, ಇಟ್ಟ. ಹಾಲವ್ವ ಬೇಡ ಬೇಡ ಅಂದಷ್ಟೂ "ಬಿದ್ದೈತಲ್ಲವ್ವ" ಅನ್ನುವನು.

ಅಷ್ಟರಲ್ಲಿ ಫೋನು. "ಅತ್ತೆ, ಎಲ್ಲಿದ್ದೀರಿ? ಅವಳ ಮೈ ತಣ್ಣಗಾಗ್ತಾ ಐತೆ!"

ಹಾಲವ್ವ ಕಬ್ಬನ್ನೆಲ್ಲ ರಸ್ತೆ ಬದಿಗೆ ಎಸೆದಳು.

"ಕಂಡೋರ ಮಾಲು ನಮಗ್ಯಾಕೋ! ನಿಂದಲ್ಲದ್ದನ್ನ ಮುಟ್ಟಬಾರದು. ಯಾರಾದ್ರೂ ಕೈಗೆ ಕೊಟ್ರೂ, ಕೈ ಮುಗಿದು ಬೇಡ ಅನ್ನಬೇಕು!"

"ಆತು, ಅವ್ವ. ಬೇಡ ಅಂತೀನಿ."

ಆಸ್ಪತ್ರೆ ಮುಟ್ಟುವಾಗ ಹತ್ತೂಮುಕ್ಕಾಲು. ನರ್ಸಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ದುರುಗನ ಬೆರಳು ಚುಚ್ಚಿ ಪರೀಕ್ಷೆ ಮಾಡಿದಳು.

"ಹೊಂದುತ್ತೆ. ಊಟ ಯಾವಾಗ ಮಾಡಿದ್ದು?"

"ಮಧ್ಯಾಹ್ನ, ಒಂದು ರೊಟ್ಟಿ," ಅಂದ ದುರುಗ.

"ಖಾಲಿ ಹೊಟ್ಟೇಲಿ ರಕ್ತ ತೆಗೆದ್ರೆ ಬಿದ್ದುಬಿಡ್ತಾನೆ. ಅಮ್ಮ, ಓಡಿ, ಏನಾದ್ರೂ ತಿನ್ನಿಸ್ಕೊಂಡು ಬನ್ನಿ!"

ಹೋಟೆಲುಗಳೆಲ್ಲ ಮುಚ್ಚಿದ್ದವು. ಗೇಟಿನ ಮುಂದೆ ಒಂದು ನೂಡಲ್ಸು ಗಾಡಿ, ಗಾಡಿಯವನೂ ಒಲೆ ಆರಿಸುವುದರಲ್ಲಿದ್ದ. ಅರ್ಧ ಪ್ಲೇಟಿಗೆ ಮೂವತ್ತು ರೂಪಾಯಿ. ಹಾಲವ್ವನ ಎಲೆಅಡಿಕೆ ಚೀಲದಲ್ಲಿ ಇದ್ದದ್ದು ಅಷ್ಟೇ. ಅವನು ಬಾಣಲೆ ಕುಟ್ಟಿ, ಕೋಸು ಹಾಕಿ, ಬಿಸಿ ಬಿಸಿ ನೂಡಲ್ಸು ಮುಂದೆ ಹಿಡಿದ.

ದುರುಗ ಕೈ ಮುಗಿದ. "ಬೇಡ."

"ತಿನ್ನೋ!"

"ಅದು ಅವರದ್ದು, ಅವ್ವ. ಕೈಗೆ ಕೊಟ್ರೂ ಬೇಡ ಅನ್ನಬೇಕು."

ಒಳಗಿಂದ ಪರಸಪ್ಪ ಓಡಿ ಬಂದ. "ಅತ್ತೆ, ಇನ್ನೂ ಎಷ್ಟೊತ್ತು!" ಹಾಲವ್ವ ಮೂವತ್ತು ರೂಪಾಯಿಯನ್ನು ಮಗನ ಕೈಗಿಟ್ಟು, ಅವನ ಕೈಯಿಂದಲೇ ಗಾಡಿಯವನಿಗೆ ಕೊಡಿಸಿದಳು.

"ದುಡ್ಡು ಕೊಟ್ಟೆಯಲ್ಲ, ಇನ್ನು ಇದು ನಿಂದು! ನಿಂದನ್ನ ಯಾರು ಕೇಳಿದ್ರೂ ಕೊಡಬೇಡ! ತಿನ್ನು!"

"ನಂದಾ?" ದುರುಗನ ಮುಖ ಅರಳಿತು. ಅವನು ಹುಟ್ಟಿದಾಗಿಂದ ನೂಡಲ್ಸು ತಿಂದವನಲ್ಲ. ಸೊರ್ ಸೊರ್ ಅಂತ ಎಳೆದು, ತಟ್ಟೆ ನೆಕ್ಕಿ ಮುಗಿಸಿದ.

ಅವನನ್ನು ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿದರು. ನರ್ಸಮ್ಮ ಸೂಜಿ ತಂದಳು. "ಕೈ ಕೊಡಪ್ಪ, ನಿನ್ನ ರಕ್ತ ತಗೋಬೇಕು."

ದುರುಗ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ನಂದು. ಯಾರು ಕೇಳಿದ್ರೂ ಕೊಡಲ್ಲ."

ಎಳೆದರು, ಬಿಡಲಿಲ್ಲ. ಪರಸಪ್ಪ ಕಾಲು ಹಿಡಿದ, ಬಿಡಲಿಲ್ಲ. ಎತ್ತಿನಂಥ ಮೈ ಅಂದೆನಲ್ಲ. ಗೋಡೆಯಾಚೆ ಕೆಂಚವ್ವನ ನರಳಾಟವೂ ನಿಂತುಹೋಗಿತ್ತು. ಹಾಲವ್ವ ಈ ಸಲ ಬೈಯಲಿಲ್ಲ. ಮಗನ ತಲೆ ಮೇಲೆ ಕೈಯಿಟ್ಟು ಅತ್ತುಬಿಟ್ಟಳು.

"ಅದು ನಿಂದಲ್ಲ, ಕೂಸೇ. ನಿಮ್ಮಕ್ಕಂದು. ನಿನ್ನ ಹತ್ರ ಇಟ್ಟಿದ್ಲು. ಈಗ ಬೇಕಾಗೈತೆ ಅವಳಿಗೆ."

"ಅಕ್ಕಂದಾ?" ದುರುಗ ದಡಕ್ಕನೆ ಎರಡೂ ಕೈ ಚಾಚಿದ. "ಮೊದಲೇ ಹೇಳೋದಲ್ವಾ! ಅಕ್ಕಂದು ನನಗ್ಯಾಕೆ! ತಗೊಳ್ರಿ!"

ಒಂದು ಚೀಲ ತುಂಬಿತು. ನರ್ಸಮ್ಮ ಸೂಜಿ ಕಿತ್ತರೆ ಏಳಲೊಲ್ಲ. "ಇನ್ನೂ ಐತೆ ಒಳಗೆ. ಎಲ್ಲಾ ತಗೊಳ್ರಿ, ಅಕ್ಕಂದು." ಅವನನ್ನು ಎಬ್ಬಿಸಲು ನಾಲ್ಕು ಜನ ಬೇಕಾಯಿತು.

ಬೆಳಗಿನ ಹೊತ್ತಿಗೆ ಕೆಂಚವ್ವ ಕಣ್ಣು ಬಿಟ್ಟಳು. ಪಕ್ಕದಲ್ಲಿ ಮಗು, ಕಾಲ ಹತ್ತಿರ ತಮ್ಮ ಕೂತಿದ್ದ.

"ನನಗೆ ರಕ್ತ ಕೊಟ್ಟೆಯಂತಲ್ಲೋ, ತಮ್ಮ," ಅಂದಳು ಸಣ್ಣ ದನಿಯಲ್ಲಿ.

"ನಿಂದೇ ಅಕ್ಕ. ನನ್ನ ಹತ್ರ ಇತ್ತು, ಕೊಟ್ಟೆ." ಆಮೇಲೆ ಮೆಲ್ಲಗೆ ಬಗ್ಗಿ, ಯಾರಿಗೂ ಕೇಳದ ಹಾಗೆ ಅಂದ: "ಅದರ ಜೊತೆ ನೂಡಲ್ಸೇನಾದ್ರೂ ಬಂದಿದ್ರೆ ಮಾತ್ರ ವಾಪಸ್ ಕೊಡು. ಅದು ನಂದು."