ಹಿಂಬಾಗಿಲ ಹೊಸ್ತಿಲು

ಐದು ದಿನದ ಮಾತ್ರೆಯನ್ನು ಎರಡೇ ದಿನಕ್ಕೆ ಬಿಟ್ಟುಬಿಡುವ ಮನುಷ್ಯನೊಬ್ಬನ ಬೆನ್ನಿನ ಕುರುವಿನಲ್ಲಿ ರೋಗಾಣುವೊಂದು ಮನೆ ಮಾಡಿತ್ತು. ಹಾಗೆ ಸಿಕ್ಕಿದ ಬಿಡುವಿನಲ್ಲಿ ಅದು ಮಾತ್ರೆಯ ವರಸೆಯನ್ನೆಲ್ಲ ಕಲಿತು, ಮನೆಗೊಂದು ಹಿಂಬಾಗಿಲು ಇಡಿಸಿಕೊಂಡಿತು. ಮಾತ್ರೆ ಮುಂಬಾಗಿಲಿಗೆ ಬಂದರೆ "ಬನ್ನಿ ಸ್ವಾಮಿ, ಬನ್ನಿ" ಎಂದು ಕೈಮುಗಿಯುವುದು, ಹಾಗೇ ಹಿಂಬಾಗಿಲಿಂದ ಆಚೆ ದಬ್ಬುವುದು.

ಏಳನೆಯ ಸಲ ಹೊರಗೆ ಬಿದ್ದ ಮಾತ್ರೆಗೆ, ಸಾರಿನ ಜೊತೆ ಬಂದಿದ್ದ ಕರಿಮೆಣಸಿನ ಕಾಳೊಂದು ಎದುರಾಯಿತು.

"ನಾನೂ ಬರಲೇ?" ಎಂದು ಮೆಣಸು ಕೇಳಿತು.

"ಸಾರಿಗೆ ಬೀಳುವ ನೀನೇ? ನಿನಗೆ ಕೊಲ್ಲುವುದಕ್ಕೆ ಬರುತ್ತದೆಯೇ?"

"ಇಲ್ಲ. ಕೊಲ್ಲುವುದು ತಮ್ಮ ಕೆಲಸ. ನನಗೆ ಕೂರುವುದಕ್ಕೆ ಬರುತ್ತದೆ."

ಮೆಣಸು ನೆಟ್ಟಗೆ ಹೋಗಿ ಹಿಂಬಾಗಿಲ ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಬಾಗಿಲು ಅತ್ತ ತೆರೆಯದು, ಇತ್ತ ಮುಚ್ಚದು.

ರೋಗಾಣು ಓಡಿ ಬಂತು. "ಏಳಯ್ಯ, ಏಳು! ಹೊಸ್ತಿಲ ಮೇಲೆ ಕೂರಬಾರದು. ಮನೆಗೆ ಕೇಡು!"

"ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದಳು" ಎಂದು ಮೆಣಸು ಇನ್ನಷ್ಟು ಹರಡಿಕೊಂಡು ಕೂತಿತು. "ಅದಕ್ಕೇ ನಮ್ಮ ಮನೆಯಲ್ಲಿ ನಾನು ಯಾವತ್ತೂ ಹೀಗೆ ಕೂತವನಲ್ಲ."

ಅಷ್ಟರಲ್ಲಿ ಮುಂಬಾಗಿಲಲ್ಲಿ ಸದ್ದಾಯಿತು. "ಬನ್ನಿ" ಎನ್ನಲು ರೋಗಾಣುವಿಗೆ ಬಾಯೇ ಬರಲಿಲ್ಲ. ಒಳಗೆ ಬಂದ ಮಾತ್ರೆ ತಾನೇ ಕೈಮುಗಿಯಿತು.

"ಬಂದೆ ಸ್ವಾಮಿ, ಬಂದೆ. ಈ ಸಲ ಉಳಿದುಕೊಂಡೇ ಹೋಗೋಣ ಅಂತ."