ಜೌಗಿನ ಹೂಳು

“ಗುರುಗಳೇ, ನಮಗೆ ಉಪಕಾರ ಮಾಡಿದವರು ಏನನ್ನೂ ಬೇಡದಿದ್ದರೆ ಅವರಿಗೆ ಏನು ಕೊಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಮೀಸೆ ತೀಡಿದರು. “ಸರಿಯಾದವನನ್ನೇ ಕೇಳಿದೆ. ಈ ಕತೆಯನ್ನು ನನ್ನಂತೆ ಹೇಳುವವರು ಏಳು ಸೀಮೆಯಲ್ಲಿಲ್ಲ. ಹಿಂದೊಮ್ಮೆ ಹೇಳುತ್ತಿದ್ದಾಗ ನನ್ನ ಕಾಲಿಗೆ ಕಚ್ಚಿದ್ದ ಜಿಗಣೆ ರಕ್ತ ಹೀರುವುದನ್ನು ಬಿಟ್ಟು ಕೇಳಿತು. ಮುಗಿದ ಮೇಲೆ ನಮಸ್ಕಾರ ಮಾಡಿ ಹೋಯಿತು. ನೀನು ಅಷ್ಟೆಲ್ಲ ಮಾಡಬೇಕಾಗಿಲ್ಲ, ಸುಮ್ಮನೆ ಕೇಳು” ಎಂದು ಕತೆ ಶುರುಮಾಡಿದರು.

ಒಬ್ಬ ರೈತನಿಗೆ ಗುಡ್ಡದ ಮೇಲೆ ಒಂದು ಜೌಗು ನೆಲವಿತ್ತು. ಹುಲ್ಲು, ಬೇರು, ಪಾಚಿ ನೀರಿನಲ್ಲೇ ನೆನೆದು, ಎಷ್ಟೋ ತಲೆಮಾರು ಕೂಡಿ ಕರಿಮಣ್ಣಾಗಿತ್ತು. ಅದರಿಂದ ಒಸರುವ ನೀರೇ ಕೆಳಗಿನ ಹದಿನಾರು ಮನೆಗಳಿಗೆ ಬೇಸಗೆಯಲ್ಲಿ ಕುಡಿಯುವ ನೀರು.

ಒಬ್ಬ ವ್ಯಾಪಾರಿ ಬಂದ. ಪಟ್ಟಣದ ಹೂಕುಂಡಗಳಿಗೆ ಮಣ್ಣು ಮಾರುವವನು.

“ಯಜಮಾನರೇ, ಎಮ್ಮೆಗೂ ಬೇಡದ ಈ ಕೆಸರನ್ನು ನನಗೆ ಕೊಡಿ. ಹೂಳು ಹೋದಷ್ಟೂ ನೀರು ಹೆಚ್ಚು ನಿಲ್ಲುತ್ತದೆ.”

ರೈತನಿಗೆ ಮಾತು ಹಿಡಿಸಿತು. ಪ್ರತಿ ಬೇಸಗೆ ಊರಿನವರೊಂದಿಗೆ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆದವನು ಅವನು. ಹೂಳೆತ್ತಿದ ಕೆರೆ ತುಂಬಿದ್ದನ್ನು ಕಣ್ಣಾರೆ ಕಂಡಿದ್ದ.

“ನಮ್ಮ ಕೆರೆಗೂ ಹಾಗೇ ಮಾಡ್ತೀವಿ, ಸಾಹುಕಾರ್ರೇ. ಮೊದಲು ಒಂದು ಮೂಲೆ ತೆಗೀರಿ” ಎಂದ.

ವ್ಯಾಪಾರಿಯ ಆಳುಗಳು ಕಾಲುವೆ ಕಡಿದು ನೀರು ಬಸಿದರು. ಒಂದು ಮೂಲೆಯ ಮಣ್ಣನ್ನು ಅಗೆದು ಬಿಸಿಲಿಗೆ ಹರಡಿದರು. ತಿಂಗಳು ಕಳೆಯುವುದರೊಳಗೆ ಕೆಳಗಿನ ಒರತೆ ಸಣ್ಣಗಾಯಿತು. ಒಂದು ಕೊಡ ತುಂಬಲು ಹೆಂಗಸರು ಅರ್ಧ ದಿನ ಕಾಯಬೇಕಾಯಿತು.

ರೈತ ಹೆದರಿದ. ಒಣಗಿದ ಮಣ್ಣನ್ನು ಹೊತ್ತು ತಂದು ಗುಂಡಿಗೆ ತುಂಬಿದ. ಮಳೆ ಬಂತು. ಹೆಂಟೆಗಳು ಬೆಂಡಿನಂತೆ ತೇಲಿದವು. ಒಮ್ಮೆ ಒಣಗಿದ ಆ ಮಣ್ಣು ಮತ್ತೆ ನೀರು ಕುಡಿಯಲೊಲ್ಲದು.

ಅವನು ಕಲ್ಲು ಜೇಡಿ ಬಡಿದು ಕಾಲುವೆಯನ್ನು ಮುಚ್ಚಿದ. ಉಳಿದದ್ದನ್ನು ಅಗೆಯಲು ವ್ಯಾಪಾರಿ ಗಾಡಿಗಳೊಂದಿಗೆ ಬಂದಾಗ ದಾರಿಗೆ ಅಡ್ಡ ನಿಂತ.

“ಕೆರೆಯಲ್ಲಿ ನೀರನ್ನು ಮಣ್ಣಿನ ಏರಿ ಹಿಡಿದಿರುತ್ತೆ, ಸಾಹುಕಾರ್ರೇ. ಇಲ್ಲಿ ಈ ಕೆಸರೇ ಹಿಡಿದಿದೆ. ನನಗೆ ಗೊತ್ತಾಗಲಿಲ್ಲ. ಗಾಡಿ ತಿರುಗಿಸಿ.”

ಮರುವರ್ಷದ ಬೇಸಗೆಯಲ್ಲಿ ಒರತೆ ಮತ್ತೆ ಹರಿಯಿತು. ಅಗೆದ ಮೂಲೆ ಮಾತ್ರ ಬೋಳಾಗಿಯೇ ಉಳಿಯಿತು. ಹದಿನಾರು ಮನೆಯವರೂ ನೀರು ಕುಡಿದು ತಣ್ಣಗಾದರು. ರೈತನಿಗೆ ಮನಸ್ಸು ತುಂಬಿ ಬಂತು. ಜೌಗಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಸಸಿಗಳನ್ನು ಹೊತ್ತು, ಗುದ್ದಲಿ ಹಿಡಿದು ಗುಡ್ಡ ಹತ್ತಿದ. ಅಂಚಿನಲ್ಲಿ ಬಹಳ ಹೊತ್ತು ನಿಂತ. ಕೈಮುಗಿದ. ತಂದದ್ದನ್ನೆಲ್ಲ ಹೊತ್ತುಕೊಂಡು ಇಳಿದು ಬಂದ.

“ಹಾಗಾದರೆ ಅವನು ಏನೂ ಕೊಡಲಿಲ್ಲವೇ?” ಎಂದ ಶಿಷ್ಯ.

“ಕೈಯಲ್ಲಿ ಗುದ್ದಲಿ ಇದ್ದೂ ಅಗೆಯದೆ ಬಂದನಲ್ಲ, ಅದನ್ನು ಕೊಟ್ಟ.”